ಸ್ಕೈಸರ್ವರ್: ಗೆಲಾಕ್ಸಿ ಇಲ್ಲದ ಜಾಗ ಹುಡುಕುವವರಿಗೆ

ಆಕಾಶ ಜಾಲಾಡಿ ಗೆಲಾಕ್ಸಿಗಳ ಪಟ್ಟಿ ಮಾಡಿದ ಸ್ಲೋನ್ ಡಿಜಿಟಲ್ ಸ್ಕೈ ಸರ್ವೇಯ ಜಾಲತಾಣ ಸ್ಕೈಸರ್ವರ್‌ಗೆ ಜಾಸ್ತಿ ಜನ ಹೋಗುವುದು ಗೆಲಾಕ್ಸಿಗಳ ಚಂದದ ಫೋಟೋ ನೋಡಲು. ನಾನು ಹೋಗಿದ್ದು ಗೆಲಾಕ್ಸಿ ಇಲ್ಲದ ಜಾಗ ನೋಡಲು. ಅದಕ್ಕೆ ಇದಕ್ಕಿಂತ ಒಳ್ಳೆಯ ಉಚಿತ ಸೇವೆ ನನಗಂತೂ ಸಿಕ್ಕಿಲ್ಲ.

ಖಾಲಿ ಜಾಗ ಯಾಕೆ ಅಂದ್ರೆ, ಐನ್‌ಸ್ಟೈನ್ ಸಿದ್ಧಾಂತಕ್ಕೆ ಬದಲಿಯಾಗಿ ಬಂದ ಕೆಲವು ಸಿದ್ಧಾಂತಗಳಲ್ಲಿ ಗುರುತ್ವದ ಜೊತೆ ಇನ್ನೊಂದು ಬಲ ಇರುತ್ತದೆ, ಅದು ನಮ್ಮ ಸೌರಮಂಡಲದಂಥ ದಟ್ಟ ಜಾಗದಲ್ಲಿ ಅಡಗಿ ಕೂರುತ್ತದೆ, ಇಲ್ಲಿ ಎಷ್ಟು ಅಳೆದರೂ ಕೈಗೆ ಸಿಗುವುದಿಲ್ಲ. ಗೆಲಾಕ್ಸಿಗಳು ತೀರಾ ವಿರಳವಾಗಿರುವ ದೊಡ್ಡ ಖಾಲಿ ಜಾಗಗಳಲ್ಲಿ, ಅಂದ್ರೆ ಶೂನ್ಯವಲಯಗಳಲ್ಲಿ, ಅದಕ್ಕೆ ಅಡಗಲು ಮರೆ ಇಲ್ಲ. ಆ ಬಲ ನಿಜವಾದರೆ ಅಂಚಿನ ಗೆಲಾಕ್ಸಿಗಳು ಇನ್ನೂ ಬೇಗ ಹೊರಕ್ಕೆ ಸರಿಯಬೇಕು, ವಲಯ ಇನ್ನೂ ಬರಿದಾಗಬೇಕು.

ನಾನು ಆರಿಸಿದ್ದು ಬೂಟೀಸ್ ನಕ್ಷತ್ರಪುಂಜದ ದಿಕ್ಕಿನಲ್ಲಿ 1981ರಲ್ಲಿ ಪತ್ತೆಯಾದ ಬೂಟೀಸ್ ಶೂನ್ಯವಲಯ. ಸುಮಾರು 70 ಕೋಟಿ ಜ್ಯೋತಿರ್ವರ್ಷ ದೂರ, ಅಡ್ಡಳತೆಯೇ ಸುಮಾರು 33 ಕೋಟಿ. ಎಸ್‌ಕ್ಯೂಎಲ್ (ದತ್ತಾಂಶ ಕೇಳಿ ಪಡೆಯುವ ಕಂಪ್ಯೂಟರ್ ಭಾಷೆ) ಪುಟದಲ್ಲಿ ನಾಲ್ಕು ಸಾಲಿನ ಪ್ರಶ್ನೆ ಬರೆದು, ಆ ದಿಕ್ಕಿನ ಗೆಲಾಕ್ಸಿಗಳನ್ನೆಲ್ಲ ಇಳಿಸಿಕೊಂಡು ಚುಕ್ಕಿ ಹಾಕಿದೆ. ಎಲ್ಲ ಕಡೆ ಚುಕ್ಕಿ! ಮುಂದಿನವು, ಹಿಂದಿನವು ಒಂದರ ಮೇಲೊಂದು ಬಿದ್ದು ಖಾಲಿ ಜಾಗ ಮುಚ್ಚಿಹೋಗಿತ್ತು. ಕೆಂಪುಪಲ್ಲಟ (ಬೆಳಕು ಕೆಂಪಿನತ್ತ ಎಷ್ಟು ಸರಿದಿದೆ ಅನ್ನುವ ಅಳತೆ, ಅದರಿಂದಲೇ ದೂರ ಗೊತ್ತಾಗುವುದು) ಆ ವಲಯದ ದೂರಕ್ಕೆ ಹೊಂದುವಂತೆ 0.045ರಿಂದ 0.055ರವರೆಗಿನದನ್ನು ಮಾತ್ರ ಉಳಿಸಿದೆ ನೋಡಿ, ನಡುವಿನ ಚುಕ್ಕಿಗಳು ಸರ್ರನೆ ವಿರಳವಾದವು. ಸುಮಾರು ಹೊತ್ತು ಸುಮ್ನೆ ಅದನ್ನೇ ನೋಡುತ್ತಾ ಕೂತೆ.

ಆದರೆ ಚುಕ್ಕಿ ಇಲ್ಲ ಅಂದ ಮಾತ್ರಕ್ಕೆ ಏನೂ ಇಲ್ಲ ಅಂತಲ್ಲ. ಈ ಸರ್ವೇಯ ಮುಖ್ಯ ಗೆಲಾಕ್ಸಿ ಪಟ್ಟಿ 17.77 ಕಾಂತಿಮಾನಕ್ಕೇ (ಹೊಳಪಿನ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ಮಂಕು) ನಿಲ್ಲುತ್ತದೆ, ಅದಕ್ಕಿಂತ ಮಂಕಾದ ಪುಟ್ಟ ಗೆಲಾಕ್ಸಿಗಳು ಅದರಲ್ಲಿ ಬರುವುದಿಲ್ಲ. ತೂತು ಕೊರೆದ ಒಂದೇ ಲೋಹದ ಪ್ಲೇಟಿನಲ್ಲಿ, ಆಕಾಶದಲ್ಲಿ 55 ಆರ್ಕ್‌ಸೆಕೆಂಡಿಗಿಂತ (ಆರ್ಕ್‌ಸೆಕೆಂಡ್ ಅಂದ್ರೆ ಒಂದು ಡಿಗ್ರಿಯ 3600ರಲ್ಲೊಂದು ಪಾಲು) ಹತ್ತಿರದ ಎರಡು ಗೆಲಾಕ್ಸಿಗಳಿಗೆ ಬೆಳಕು ಹಿಡಿಯುವ ಫೈಬರ್ ಇಡಲು ಆಗುತ್ತಿರಲಿಲ್ಲ, ಹಾಗಾಗಿ ಕೆಲವು ಬಿಟ್ಟೂ ಹೋಗಿವೆ. ಸಿದ್ಧಾಂತ ಪರೀಕ್ಷಿಸುವವರು ಇದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಒಂದು ವಲಯವಂತೂ ಯಾತಕ್ಕೂ ಸಾಲದು, ನೂರಾರು ವಲಯಗಳನ್ನು ಒಂದರ ಮೇಲೊಂದು ಪೇರಿಸಿ ಸರಾಸರಿ ತೆಗೆಯಬೇಕು. ಆ ಸರಾಸರಿ ದುಂಡಗಿರಬೇಕು ಅಲ್ವಾ? ಆದರೆ ಕೆಂಪುಪಲ್ಲಟದಲ್ಲಿ ದೂರದ ಜೊತೆ ಗೆಲಾಕ್ಸಿಯ ಸ್ವಂತ ಓಟವೂ ಬೆರೆತಿರುವುದರಿಂದ, ನಾವು ನೋಡುವ ದಿಕ್ಕಿನಲ್ಲಿ ಆಕಾರ ಕೆಡುತ್ತದೆ. ಎಷ್ಟು ಕೆಟ್ಟಿದೆ ಅನ್ನುವುದರಲ್ಲೇ ಆ ಬಲದ ಸುಳಿವು ಇರುವುದು.

ಇಷ್ಟಕ್ಕೆಲ್ಲ ಬೇಕಾದ ಕಚ್ಚಾ ಅಂಕಿಗಳನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಎಸ್‌ಕ್ಯೂಎಲ್ ಬರದಿದ್ದರೆ ಅಲ್ಲೇ ಮಾದರಿ ಪ್ರಶ್ನೆಗಳಿವೆ. ಶುರು ಮಾಡುವಾಗ ಕೆಂಪುಪಲ್ಲಟದ ಮಿತಿ ಹಾಕುವುದನ್ನು ಮಾತ್ರ ಮರೆಯಬೇಡಿ.