ಲೆಕ್ಕದ ಪುಸ್ತಕ ಓದಬಲ್ಲ ವಕೀಲರು

ಪಾಲುದಾರಿಕೆ ಮುರಿದಾಗ ಸಂಸ್ಥೆಯ ಗೋದಾಮು ಯಾರಿಗೆ ಸೇರಬೇಕೆಂಬ ತಕರಾರು ಹೊತ್ತು ನಾನು ಈ ವಕೀಲರ ಬಳಿ ಹೋದೆ. ಕ್ರಯಪತ್ರ ನನ್ನ ಪಾಲುದಾರರೊಬ್ಬರ ಹೆಸರಿನಲ್ಲಿತ್ತು. ಹಣ ಮಾತ್ರ ಸಂಸ್ಥೆಯ ಖಾತೆಯಿಂದ ಹೋಗಿತ್ತು. ಅದಕ್ಕೂ ಮೊದಲು ಕಂಡಿದ್ದ ಇನ್ನೊಬ್ಬ ವಕೀಲರು ಕಾಗದಪತ್ರಗಳನ್ನು ತೆರೆಯದೆಯೇ ದಾವೆ ಹೂಡೋಣ ಎಂದಿದ್ದರು. ಇವರು ಎಲ್ಲವನ್ನೂ ಇಟ್ಟುಕೊಂಡು, ತಾವು ಪಡೆದ ಮೂಲಪತ್ರಗಳ ಪಟ್ಟಿಗೆ ಸಹಿ ಹಾಕಿ ಕೊಟ್ಟು, ಹತ್ತು ದಿನ ಬಿಟ್ಟು ಬರಲು ಹೇಳಿದರು.

ವಾಣಿಜ್ಯ ಪದವಿಯ ನಂತರ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಆರು ವರ್ಷ ದುಡಿದು, ಆಮೇಲೆ ಕಾನೂನು ಓದಿದವರು ಇವರು. ಆ ಹಿನ್ನೆಲೆಯ ಬೆಲೆ ನನಗೆ ತಿಳಿದದ್ದು ಎರಡನೆಯ ಭೇಟಿಯಲ್ಲಿ. ಸಂಸ್ಥೆಯ ಹಣದಿಂದ ಕೊಂಡ ಆಸ್ತಿಯನ್ನು, ಬೇರೆ ಉದ್ದೇಶ ಕಂಡುಬರದ ಹೊರತು, ಸಂಸ್ಥೆಯದೇ ಎಂದು ಭಾವಿಸಬೇಕೆಂಬ ತತ್ತ್ವ ಬ್ರಿಟನ್ನಿನ 1890ರ ಪಾಲುದಾರಿಕೆ ಕಾಯ್ದೆಯಲ್ಲೂ ಇದೆ, ಭಾರತದ 1932ರ ಕಾಯ್ದೆಯಲ್ಲೂ ಇದೆ. ಆದರೆ ಆ ಬೇರೆ ಉದ್ದೇಶವನ್ನು ಎದುರು ಪಕ್ಷದವರು ಎಲ್ಲಿ ಹುಡುಕುತ್ತಾರೆಂಬುದನ್ನು ಇವರು ಮೊದಲೇ ಹುಡುಕಿಟ್ಟಿದ್ದರು. ಗೋದಾಮಿನ ಬೆಲೆಯ ಮೊದಲ ಎರಡು ಕಂತುಗಳನ್ನು ಆ ಪಾಲುದಾರರ ಡ್ರಾಯಿಂಗ್ಸ್, ಅಂದರೆ ಅವರು ಸ್ವಂತಕ್ಕಾಗಿ ಸಂಸ್ಥೆಯಿಂದ ತೆಗೆದ ಹಣ, ಎಂದು ಬರೆಯಲಾಗಿತ್ತು. ಇದು ನಮ್ಮ ದುರ್ಬಲ ಅಂಶವೆಂದು ನೇರವಾಗಿ ಹೇಳಿದರು. ನಂತರದ ವರ್ಷಗಳಲ್ಲಿ ಅದೇ ಗೋದಾಮಿನ ಮೇಲೆ ಸಂಸ್ಥೆಯದೇ ಆಸ್ತಿ ಎಂಬಂತೆ ಸಂಸ್ಥೆಯ ಲೆಕ್ಕದಲ್ಲಿ ಸವಕಳಿ (ಬಳಕೆಯಿಂದ ತಗ್ಗುವ ಬೆಲೆ) ಕಳೆದದ್ದು, ಆ ಲೆಕ್ಕಪತ್ರಗಳಿಗೆ ಎಲ್ಲ ಪಾಲುದಾರರೂ ಸಹಿ ಹಾಕಿದ್ದು ನಮ್ಮ ಬಲವೆಂದೂ ತೋರಿಸಿದರು. ನಾವೇ ಬರೆಸಿದ ಲೆಕ್ಕವನ್ನು ನಾವ್ಯಾರೂ ಹಾಗೆ ಓದಿರಲಿಲ್ಲ.

ಪಾಲುದಾರಿಕೆ ಪತ್ರದಲ್ಲಿ ಆರ್ಬಿಟ್ರೇಷನ್ ಷರತ್ತು, ಅಂದರೆ ತಕರಾರನ್ನು ನ್ಯಾಯಾಲಯದ ಬದಲು ಮಧ್ಯಸ್ಥಗಾರರು ತೀರ್ಮಾನಿಸಬೇಕೆಂಬ ಷರತ್ತು, ಇದ್ದುದರಿಂದ ಮೂಲ ತಕರಾರು ಅಲ್ಲಿಗೇ ಹೋಗಬೇಕಿತ್ತು. ಆದರೆ ಅದು ಆರಂಭವಾಗುವ ಮೊದಲೇ, ಗೋದಾಮನ್ನು ಪರಭಾರೆ ಮಾಡದಂತೆ ನ್ಯಾಯಾಲಯದಿಂದ ಮಧ್ಯಂತರ ತಡೆಯಾಜ್ಞೆ ತಂದರು. ತಕರಾರಿನ ಅರಿವಿಲ್ಲದೆ ಬೆಲೆ ತೆತ್ತು ಕೊಂಡವರ ಕೈಗೆ ಆಸ್ತಿ ಸೇರಿದರೆ, ಗೆದ್ದರೂ ಅದನ್ನು ಮರಳಿ ಪಡೆಯುವುದು ಕಷ್ಟವೆಂಬುದು ಅವರ ಆತಂಕವಾಗಿತ್ತು. ಗೋದಾಮನ್ನು ಅಡಮಾನ ಪಡೆದು ಸಾಲ ಕೊಟ್ಟಿದ್ದ ಬ್ಯಾಂಕು ಆರ್ಬಿಟ್ರೇಷನ್ ಒಪ್ಪಂದದ ಪಕ್ಷವಲ್ಲ, ತೀರ್ಪು ಅದನ್ನು ಕಟ್ಟಿಹಾಕುವುದಿಲ್ಲ ಎಂಬುದನ್ನೂ ಅವರೇ ನೆನಪಿಸಿದರು. ಹೀಗಾಗಿ ಕೊನೆಯಲ್ಲಿ ಆದ ರಾಜಿಪತ್ರದಲ್ಲಿ ಆ ಸಾಲವನ್ನು ಯಾರು, ಯಾವ ದಿನಾಂಕದೊಳಗೆ ತೀರಿಸಬೇಕೆಂಬುದು ಸ್ಪಷ್ಟವಾಗಿ ಸೇರಿತು.

ಶುಲ್ಕವನ್ನು ಹಂತ ಹಂತವಾಗಿ ಮೊದಲೇ ಬರೆದು ಕೊಟ್ಟಿದ್ದರು. ಅದಕ್ಕಿಂತ ಹೆಚ್ಚು ಕೇಳಲಿಲ್ಲ.

ಕೊರತೆಯೂ ಇದೆ. ದೂರವಾಣಿ ಕರೆಗೆ ಉತ್ತರ ಬರಲು ಎರಡು ಮೂರು ದಿನ ಹಿಡಿಯುತ್ತಿತ್ತು. ಆಸ್ತಿ ಕೈತಪ್ಪುವ ಭಯದಲ್ಲಿರುವ ಕಕ್ಷಿದಾರರಿಗೆ ಆ ಮೌನ ಬಹಳ ಭಾರ. ವಿಚಾರಣೆಯ ಮುಂದಿನ ದಿನಾಂಕವನ್ನಾದರೂ ಅವರ ಕಿರಿಯ ವಕೀಲರು ತಾವಾಗಿಯೇ ತಿಳಿಸಬೇಕಿತ್ತು. ಸರಳವಾದ ಬಾಕಿ ವಸೂಲಿಗೆ ಇವರ ನಿಧಾನಗತಿ ಹೊಂದಲಾರದು. ವ್ಯವಹಾರದ ಲೆಕ್ಕವೂ ಆಸ್ತಿಯ ಹಕ್ಕೂ ಒಂದಕ್ಕೊಂದು ಹೆಣೆದುಕೊಂಡಿರುವವರು ಮಾತ್ರ, ಕಾನೂನು ಕ್ರಮಕ್ಕಿರುವ ಕಾಲಮಿತಿ ಮೀರುವ ಮೊದಲು, ಹಳೆಯ ಲೆಕ್ಕಪತ್ರಗಳನ್ನೆಲ್ಲ ತೆಗೆದುಕೊಂಡು ಇವರನ್ನು ಕಾಣಬೇಕು.