ಭೂಮಿ ಪಹಣಿ ಸೇವೆ: ಯಾರ ಅಗತ್ಯಕ್ಕೆ ಎಷ್ಟು ಒದಗುತ್ತದೆ?

ತಂತ್ರಾಂಶ ಕಟ್ಟುವ ಮೊದಲು ಅದರಿಂದ ಯಾರಿಗೆ ಏನಾಗಬೇಕು ಎಂದು ವಿಚಾರಿಸಿ ಬರೆದಿಡುವುದು ನನ್ನ ಉದ್ಯೋಗ. ಹೀಗಾಗಿ ಊರಿನ ಜಮೀನಿನ ಪಹಣಿ (ಹಕ್ಕು, ಗೇಣಿ, ಬೆಳೆಗಳ ದಾಖಲೆ) ತೆಗೆಸುವಾಗಲೂ, ಈ ವ್ಯವಸ್ಥೆಯನ್ನು ರೂಪಿಸಿದವರ ಕಣ್ಣಿಗೆ ಯಾರು ಬಿದ್ದಿದ್ದರು, ಯಾರು ಬೀಳಲಿಲ್ಲ ಎಂಬ ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ಕರ್ನಾಟಕ ಕಂದಾಯ ಇಲಾಖೆಯ ‘ಭೂಮಿ’ ಸೇವೆಯನ್ನು ಆ ಪ್ರಶ್ನೆ ಹಿಡಿದೇ ಇಲ್ಲಿ ವಿಮರ್ಶಿಸುತ್ತಿದ್ದೇನೆ.

ಈ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಗಣಕಕ್ಕೇರಿ, 2001ರ ಹೊತ್ತಿಗೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಮುದ್ರಿತ ಪ್ರತಿ ದೊರೆಯತೊಡಗಿತು. ಅದಕ್ಕೂ ಮೊದಲು ಪಹಣಿ ಪುಸ್ತಕಗಳು ಸುಮಾರು 9,000 ಗ್ರಾಮ ಲೆಕ್ಕಿಗರ ಸುಪರ್ದಿನಲ್ಲಿದ್ದವು. ಶಾನುಭೋಗರ ಕಾಲದಿಂದ ನಡೆದು ಬಂದ ಆ ಪದ್ಧತಿಯಲ್ಲಿ, ಒಂದು ಪ್ರತಿ ಬೇಕಾದ ರೈತ ಪುಸ್ತಕ ಇಟ್ಟುಕೊಂಡವರ ಬಿಡುವನ್ನೂ ಮರ್ಜಿಯನ್ನೂ ಕಾಯಬೇಕಿತ್ತು.

ನಮ್ಮ ಕಸುಬಿಗೆ ಹೊಸದಾಗಿ ಬಂದವರು ಯೋಜನೆಯಿಂದ ಲಾಭ ಪಡೆಯುವವರನ್ನಷ್ಟೇ ಸ್ಟೇಕ್‌ಹೋಲ್ಡರ್‌ಗಳೆಂದು, ಅಂದರೆ ಅದರ ಪರಿಣಾಮ ತಟ್ಟುವವರೆಂದು, ಬರೆದುಕೊಳ್ಳುತ್ತಾರೆ. ಹಿಡಿತ ಕಳೆದುಕೊಳ್ಳುವವರ ಹೆಸರು ಆ ಪಟ್ಟಿಯಲ್ಲಿ ಇರುವುದೇ ಇಲ್ಲ. ‘ಭೂಮಿ’ಯ ವಿನ್ಯಾಸದಲ್ಲಿ ಈ ತಪ್ಪು ಕಾಣದು. ಕೈಬರಹದ ಪಹಣಿಯ ಮಾನ್ಯತೆಯನ್ನು ರದ್ದುಪಡಿಸಿದ್ದು, ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡುವಂತೆ ತಂತ್ರಾಂಶದಲ್ಲೇ ಕಟ್ಟುಹಾಕಿದ್ದು, ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಹೋಗುವಂತೆ ಮಾಡಿದ್ದು, ಇವೆಲ್ಲವೂ ಹಳೆಯ ಹಿಡಿತ ಎಲ್ಲಿತ್ತು ಎಂದು ಬಲ್ಲವರ ಕೆಲಸ. ಕಿಟಕಿಯ ಹೊರಗೆ ನಿಂತ ರೈತನಿಗೂ ಕಾಣುವಂತೆ ಎರಡನೆಯ ಪರದೆ ಇಟ್ಟದ್ದು ನನಗೆ ಎಲ್ಲಕ್ಕಿಂತ ಹಿಡಿಸಿದ ಸಂಗತಿ. ಅಗತ್ಯಗಳ ಕಡತದಲ್ಲಿ ಅದು ಒಂದೇ ಸಾಲು, ಆದರೆ ರೈತನ ಪಕ್ಕದಲ್ಲಿ ನಿಂತು ನೋಡಿದವರಿಗೆ ಮಾತ್ರ ಹೊಳೆಯುವ ಸಾಲು.

ಬ್ಯಾಂಕುಗಳಿಗೂ ಉಪನೋಂದಣಿ ಕಚೇರಿಗಳಿಗೂ ವ್ಯವಸ್ಥೆಯಲ್ಲಿ ಸ್ಥಾನ ದೊರೆತಿದೆ. ಕ್ರಯಪತ್ರ ನೋಂದಣಿಯಾದ ಸುದ್ದಿ ನೋಂದಣಿ ಇಲಾಖೆಯ ‘ಕಾವೇರಿ’ ತಂತ್ರಾಂಶದಿಂದ ‘ಭೂಮಿ’ಗೆ ತಾನಾಗಿ ಬರುತ್ತದೆ.

ಕೊರತೆ ಕಾಣಬೇಕಾದರೆ ಪಹಣಿಯ ಹಾಳೆಯನ್ನೇ ನೋಡಬೇಕು. 9ನೇ ಕಾಲಂನಲ್ಲಿ ಸ್ವಾಧೀನದಾರರು (ಖಾತೆದಾರರು), 11ರಲ್ಲಿ ಸಾಲ ಮತ್ತು ಇತರ ಹಕ್ಕುಗಳು, 12ರಲ್ಲಿ ಸಾಗುವಳಿದಾರರು ಹಾಗೂ ಬೆಳೆ. ಕೋರಿಗೆ (ಬೆಳೆಯಲ್ಲಿ ಪಾಲು ಕೊಡುವ ಕರಾರಿಗೆ) ಅಥವಾ ಬಾಯಿಮಾತಿನ ಗುತ್ತಿಗೆಗೆ ಹೊಲ ಮಾಡುವವರ ಹೆಸರಿಗೆ 12ರಲ್ಲಿ ಜಾಗವಿದ್ದರೂ ಅದು ಅಲ್ಲಿ ಏರುವುದು ಅಪರೂಪ, ಏಕೆಂದರೆ ಗೇಣಿಗೆ ಕೊಡುವುದನ್ನೇ ಬಹುತೇಕ ನಿಷೇಧಿಸಿದ 1974ರ ಭೂಸುಧಾರಣೆಯ ತಿದ್ದುಪಡಿಯ ನಂತರ ಗೇಣಿ ಕೊಟ್ಟಿದ್ದೇನೆಂದು ಕಾಗದದಲ್ಲಿ ಒಪ್ಪಿಕೊಳ್ಳಲು ಯಾವ ಜಮೀನುದಾರನೂ ಮುಂದಾಗುವುದಿಲ್ಲ. ಬೆಳೆ ಹಾಳಾದಾಗ ಪರಿಹಾರ ಖಾತೆದಾರನಿಗೆ ಹೋಗುತ್ತದೆ. ಬೀಜ ಬಿತ್ತಿದವನು ಅವನ ಮನೆ ಬಾಗಿಲಲ್ಲಿ ಕಾಯುತ್ತಾನೆ. ಇದು ತಂತ್ರಾಂಶದ ದೋಷವಲ್ಲ, ಕಾನೂನಿನ ತೊಡಕು ಎಂದು ವಾದಿಸಬಹುದು, ವಾದ ಸರಿಯೂ ಹೌದು. ಆದರೂ ಕೃಷಿಯ ದಾಖಲೆಯೊಂದರಿಂದ ಕೃಷಿ ಮಾಡುವವನೇ ಹೊರಗುಳಿದರೆ, ಆ ದಾಖಲೆಯನ್ನು ಪೂರ್ಣವೆಂದು ಒಪ್ಪಲು ನನ್ನ ಕಸುಬು ಬಿಡುವುದಿಲ್ಲ.

ತೀರಿಹೋದವರ ಜಮೀನು ವಾರಸುದಾರರ ಹೆಸರಿಗಾಗುವ ಪೌತಿ ಖಾತೆಯ ವಿಷಯದಲ್ಲೂ ಇದೇ ಮಾತು. ಖಾತೆದಾರ ತೀರಿಹೋಗಿ ವರ್ಷಗಳಾದರೂ ವಾರಸುದಾರರು ಅರ್ಜಿ ಕೊಡುವವರೆಗೆ 9ನೇ ಕಾಲಂನಲ್ಲಿ ಅವರು ಬದುಕಿಯೇ ಇರುತ್ತಾರೆ. ಅರ್ಜಿ ಕೊಡುವವರನ್ನಷ್ಟೇ ಬಳಕೆದಾರರೆಂದು ಎಣಿಸಿದ ವ್ಯವಸ್ಥೆಗೆ, ಹೊಲದಲ್ಲಿ ದುಡಿದೂ ಕಚೇರಿಯ ಮೆಟ್ಟಿಲು ಹತ್ತದ ವಿಧವೆಯರು, ತವರಿನ ಪಾಲು ಕೇಳಲು ಹಿಂಜರಿಯುವ ಹೆಣ್ಣುಮಕ್ಕಳು ಕಾಣುವುದಿಲ್ಲ.

ತಕರಾರಿಲ್ಲದ ಒಂಟಿ ಖಾತೆಯವರಿಗೆ ಈ ಸೇವೆಯನ್ನು ನಾನು ನಿಸ್ಸಂಕೋಚವಾಗಿ ಹೊಗಳುತ್ತೇನೆ. ಜಂಟಿ ಖಾತೆಯವರು ಸಾಲಕ್ಕೋ ಮಾರಾಟಕ್ಕೋ ಹೊರಡುವ ಬಹಳ ಮೊದಲೇ ಪ್ರತಿ ತೆಗೆಸಿ, 9 ಮತ್ತು 11ನೇ ಕಾಲಂಗಳನ್ನು ಮನೆಯವರೆಲ್ಲ ಕೂತು ಓದುವುದು ಒಳ್ಳೆಯದು. ಕೋರಿನ ರೈತರಿಗೆ ಮಾತ್ರ ಈ ಸೇವೆಯಿಂದ ಏನು ಉಪಯೋಗವೆಂದು ನಾನು ಬರೆಯಲಾರೆ.