"ಏನಿಲ್ಲ ಬಿಡು" ಕಡಿಮೆಯಾಯಿತು: ಕಿವಿ ಮಷಿನ್ ಜೊತೆ ಆರು ತಿಂಗಳು

ಮೂರು ವರ್ಷ ನಮ್ಮ ಮನೆಯಲ್ಲಿ ನನಗೆ ಜಾಸ್ತಿ ಸಿಕ್ಕ ಉತ್ತರ "ಏನಿಲ್ಲ ಬಿಡು". ಯಜಮಾನರು ಪೇಪರ್ ಓದುತ್ತಾ ಏನೋ ಹೇಳುತ್ತಿದ್ದರು. ನಾನು "ಏನಂದ್ರಿ?" ಅನ್ನುತ್ತಿದ್ದೆ. ಇನ್ನೊಂದು ಸಲ ಹೇಳುತ್ತಿದ್ದರು. ಮತ್ತೆ ಕೇಳಿದರೆ "ಏನಿಲ್ಲ ಬಿಡು". ಗ್ಯಾಸ್ ಬಂತು, ಮಗಳು ಫೋನ್ ಮಾಡಿದ್ದಳು, ಮಾತ್ರೆ ತಗೊಂಡೆಯಾ, ಇಂಥದ್ದನ್ನೆಲ್ಲ ಕೂಗಿಯಾದರೂ ಹೇಳುತ್ತಿದ್ದರು. ನಿಂತುಹೋಗಿದ್ದು ಸುಮ್ನೆ ಆಡುವ ಮಾತು. ಎದುರು ಮನೆಯ ಸಂಪಿಗೆ ಹೂ ಬಿಟ್ಟಿದೆ ಅನ್ನುವುದನ್ನು ಯಾರೂ ಮೂರು ಸಲ ಕೂಗಿ ಹೇಳುವುದಿಲ್ಲ, ಅಲ್ವಾ?

ಸಂಕ್ರಾಂತಿ ಮುಗಿದ ವಾರ ಒಂದು ಜೋಡಿ ಹಿಯರಿಂಗ್ ಏಡ್ ತೆಗೆದುಕೊಂಡೆ. 84,000 ರೂಪಾಯಿ. ಈಗ ಆಷಾಢ. ಆರು ತಿಂಗಳು ದಿನವೂ ಹಾಕಿಕೊಂಡು ನೋಡಿ ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಹಾಕಿಲ್ಲ. ಒಬ್ಬರ ಕಿವಿಗೆ ಕೂತದ್ದು ಇನ್ನೊಬ್ಬರಿಗೆ ಕೂರುವುದಿಲ್ಲ. ನಾನು ಪಿಯು ಕಾಲೇಜಿನಲ್ಲಿ 29 ವರ್ಷ ತರ್ಕಶಾಸ್ತ್ರ ಕಲಿಸಿದವಳು. ಹಾಗಾಗಿ ಬೆಲೆ, ಬ್ಯಾಟರಿಯ ಜೊತೆಗೆ ಬೇರೆ ಯೋಚನೆಗಳೂ ಇದರಲ್ಲಿ ಬರುತ್ತವೆ.

ಮೊದಲು ಹೋದ ಅಂಗಡಿಯಲ್ಲಿ ಕಿವಿ ಪರೀಕ್ಷೆ ಮಾಡುವುದಕ್ಕೆ ಮುಂಚೆಯೇ ಎರಡೂವರೆ ಲಕ್ಷದ ಮಾಡೆಲ್ ತೋರಿಸಿದರು. ಎದ್ದು ಬಂದೆ. ಎರಡನೆಯದು ಜಯನಗರ 4ನೇ ಬ್ಲಾಕ್ ಕಡೆಯ ಸಣ್ಣ ಕ್ಲಿನಿಕ್. ಅಲ್ಲಿಯ ಆಡಿಯಾಲಜಿಸ್ಟ್, ಅಂದರೆ ಕಿವಿ ಕೇಳಿಸುವುದನ್ನು ಪರೀಕ್ಷಿಸುವ ತಜ್ಞೆ, ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದ ಹುಡುಗಿ. ಮುಕ್ಕಾಲು ಗಂಟೆ ಪರೀಕ್ಷೆ ಮಾಡಿ ಗ್ರಾಫ್ ತೋರಿಸಿದಳು. ದಪ್ಪ ಸ್ವರಗಳ ಕಡೆ ಗೆರೆ ಚೆನ್ನಾಗಿಯೇ ಇತ್ತು. ಸ್ವರದ ಎತ್ತರ 2,000 ಹರ್ಟ್ಸ್ ದಾಟಿದ ಮೇಲೆ ಇಳಿಜಾರು. ವಯಸ್ಸಾದಾಗ ಕಿವಿ ಮಂದವಾಗುವುದು ಹೀಗೇ, ಕೀಚಲು ಸ್ವರಗಳಿಂದ ಶುರು. ಆ, ಒ, ಉ ಇವೆಲ್ಲ ಕೆಳಗಿನ ಸ್ವರದವು, ಕೇಳಿಸುತ್ತವೆ. ಸ, ಶ, ತ, ಕ ಮೇಲಿನವು, ಕಳೆದುಹೋಗುತ್ತವೆ. ಯಾರೋ ಮಾತಾಡುತ್ತಿದ್ದಾರೆ ಅಂತ ಗೊತ್ತಾಗುತ್ತದೆ, ಏನು ಅಂತ ಗೊತ್ತಾಗುವುದಿಲ್ಲ. "ಹಾಲು, ಸಾಲು, ಕಾಲು, ಪಾಲು ನಿಮಗೆ ಒಂದೇ ಥರ ಕೇಳಿಸುತ್ತೆ ಅಲ್ವಾ ಮೇಡಂ?" ಅಂದಳು. ಯಜಮಾನರು ಪಕ್ಕದಲ್ಲೇ ಕೂತಿದ್ದರು. ನಾನು ಬೇಕಂತಲೇ ಗಮನ ಕೊಡುತ್ತಿಲ್ಲ ಅಂತ ಮೂರು ವರ್ಷ ಅಂದುಕೊಂಡಿದ್ದವರು. ಆ ಗ್ರಾಫನ್ನು ಕೈಗೆ ತೆಗೆದುಕೊಂಡು ತುಂಬ ಹೊತ್ತು ನೋಡಿದರು.

ಮಷಿನ್ ಹಾಕಿಸಿಕೊಂಡು ಬಂದ ಮರುದಿನ ಬೆಳಿಗ್ಗೆ ಒಗ್ಗರಣೆಗೆ ಇಟ್ಟೆ. ಸಾಸಿವೆ ಸಿಡಿಯಿತು. ಚಟ್ ಚಟ್ ಅಂತ, ಒಂದೊಂದು ಕಾಳೂ ಬೇರೆ ಬೇರೆಯಾಗಿ. ಎಷ್ಟೋ ಕಾಲದಿಂದ ಸಾಸಿವೆಯನ್ನು ಬರೀ ಕಣ್ಣಲ್ಲಿ ನೋಡಿ ಕರಿಬೇವು ಹಾಕುತ್ತಿದ್ದೆ ಅನ್ನುವುದು ಆಗ ಗೊತ್ತಾಯಿತು. ಒಲೆ ಸಣ್ಣ ಮಾಡಿ ಅಲ್ಲೇ ನಿಂತುಬಿಟ್ಟೆ. ಅಷ್ಟರಲ್ಲಿ ನಲ್ಲಿ, ಫ್ಯಾನು, ನನ್ನದೇ ಸೀರೆಯ ಸರಪರ, ಎಲ್ಲವೂ ಒಟ್ಟಿಗೆ ಮೈಮೇಲೆ ಬಿದ್ದವು. ಮೊದಲ ಮೂರು ವಾರ ಸಂಜೆಯಾದರೆ ತಲೆ ಭಾರ. ಬಿಟ್ಟುಹೋದ ಸದ್ದುಗಳಿಗೆ ಮಿದುಳು ಮತ್ತೆ ಹೊಂದಿಕೊಳ್ಳಬೇಕು, ಅದಕ್ಕೆ ವಾರಗಟ್ಟಲೆ ಬೇಕು. ನಡುವೆ ಬೇಸತ್ತು ಡ್ರಾಯರ್‌ಗೆ ಹಾಕಿಬಿಡಬೇಡಿ. ದಯವಿಟ್ಟು ತಡೆದುಕೊಳ್ಳಿ.

ಬ್ಯಾಟರಿ 312 ನಂಬರಿನದು, ಕಂದು ಬಣ್ಣದ ಸ್ಟಿಕರ್ ಇರುತ್ತದೆ. ಅಗಲ 8 ಮಿಲಿಮೀಟರ್ ಕೂಡ ಇಲ್ಲ. ಸ್ಟಿಕರ್ ಕಿತ್ತಾಗ ಒಳಗೆ ಗಾಳಿ ಹೋಗಿ ಕೆಲಸ ಶುರುವಾಗುತ್ತದೆ, ಆದ್ದರಿಂದ ಎರಡು ಮೂರು ನಿಮಿಷ ಬಿಟ್ಟು ಹಾಕಬೇಕು. ನನಗೆ ಆರೇಳು ದಿನ ಬರುತ್ತದೆ. ಬೆರಳಿನ ಗಂಟು ನೋವು ಇರುವವರು ಚಾರ್ಜ್ ಮಾಡುವ ಮಾಡೆಲ್ ನೋಡಿ.

ಒಂದೂವರೆ ತಿಂಗಳಾದ ಮೇಲೆ ಅದು ಕಿವಿಯಲ್ಲಿದೆ ಅನ್ನುವುದೇ ಮರೆತುಹೋಯಿತು. ಎಂಎ ಓದುವಾಗ ಪರೀಕ್ಷೆಗೆ ಬರೆದಿದ್ದೆಲ್ಲ ನೆನಪಾಯಿತು. ಮೂಗಿನ ಮೇಲಿನ ಕನ್ನಡಕ, ಹಾಕಿಕೊಂಡವರಿಗೆ ಎದುರು ಗೋಡೆಯ ಚಿತ್ರಕ್ಕಿಂತ ದೂರ ಇರುತ್ತದೆ ಅಂತ 1927ರಲ್ಲಿ ಜರ್ಮನ್ ತತ್ವಜ್ಞಾನಿ ಹೈಡೆಗರ್ ಬರೆದಿದ್ದರು. ಕುರುಡರಿಗೆ ಕೋಲು ಒಂದು ವಸ್ತು ಅನ್ನಿಸುವುದಿಲ್ಲ, ಕೋಲಿನ ತುದಿಯಲ್ಲೇ ಅವರಿಗೆ ನೆಲ ಮುಟ್ಟುತ್ತದೆ ಅಂತ 1945ರಲ್ಲಿ ಫ್ರಾನ್ಸಿನ ತತ್ವಜ್ಞಾನಿ ಮೆರ್ಲೊ ಪಾಂಟಿ. ಹೀಗೆ ಉಪಕರಣ ಮೈಯಲ್ಲಿ ಸೇರಿಹೋಗುವ ಬಗ್ಗೆ ಅಮೆರಿಕದ ತತ್ವಜ್ಞಾನಿ ಡಾನ್ ಐಡಿ ತುಂಬ ಬರೆದರು. ವಯಸ್ಸಾದ ಮೇಲೆ ಅವರೂ ಹಿಯರಿಂಗ್ ಏಡ್ ಹಾಕಿಕೊಂಡವರೇ. ಆಗ ಓದಿ ಬಾಯಿಪಾಠ ಮಾಡಿದ್ದು ಈಗ ಅಡುಗೆಮನೆಯಲ್ಲಿ ಅರ್ಥವಾಯಿತು.

ಏಪ್ರಿಲ್‌ನಲ್ಲಿ ರಾಮನವಮಿ ಕಚೇರಿ ಕೇಳಲು ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನಕ್ಕೆ ಹೋದೆವು. ಅದನ್ನು ನಡೆಸುವ ರಾಮಸೇವಾ ಮಂಡಳಿ ಶುರುವಾದದ್ದು 1939ರಲ್ಲಿ. ಮದುವೆಯಾದಾಗಿಂದ ನಾವಿಬ್ಬರೂ ಅಲ್ಲಿಗೆ ಹೋಗುತ್ತೇವೆ. ಆವತ್ತು ಕೊಳಲು. ಮೇಲಿನ ಷಡ್ಜವನ್ನು ಉದ್ದಕ್ಕೆ ಹಿಡಿದರು. ನನ್ನ ಕಿವಿಯಲ್ಲಿ ಅದು ನೀರಿನಲ್ಲಿ ಬಿದ್ದ ನೆರಳಿನ ಹಾಗೆ ಅಲುಗಾಡಿತು. ತಂಬೂರಿ ಕೇಳಿಸಲೇ ಇಲ್ಲ. ಎರಡನ್ನೂ ಕಳಚಿ ಮಡಿಲಲ್ಲಿ ಇಟ್ಟುಕೊಂಡೆ. ಕೊಳಲು ಮಂಕಾಯಿತು, ಆದರೆ ಸ್ವರ ನೆಟ್ಟಗೆ ನಿಂತಿತು. ಅದರ ಕೆಳಗೆ ತಂಬೂರಿ ಸಣ್ಣಗೆ ಇತ್ತು.

ಕಾರಣವನ್ನು ಆಡಿಯಾಲಜಿಸ್ಟ್ ವಿವರಿಸಿದಳು. ಮಷಿನ್‌ನ ಮೈಕು, ಸ್ಪೀಕರ್ ಎರಡೂ ಹತ್ತಿರ ಹತ್ತಿರ. ಹೊರಬಂದ ಸದ್ದು ಮತ್ತೆ ಮೈಕಿಗೆ ಹೋದರೆ ಕುಯ್ಯ್ ಅನ್ನುತ್ತದೆ. ಅದನ್ನು ತಡೆಯಲು, ಎಳೆದು ನಿಲ್ಲುವ ಕೀಚಲು ಸ್ವರ ಬಂದರೆ ಅಳಿಸಲು ನೋಡುತ್ತದೆ. ಕೊಳಲನ್ನು ತನ್ನದೇ ಸೀಟಿ ಅಂದುಕೊಂಡಿತು. ಇನ್ನು, ಏರಿಳಿತ ಇಲ್ಲದೆ ಒಂದೇ ಸಮ ಬರುವ ಸದ್ದೆಲ್ಲ ಅದಕ್ಕೆ ಗದ್ದಲ. ತಂಬೂರಿಯೂ ಅದರ ಲೆಕ್ಕದಲ್ಲಿ ಫ್ಯಾನೇ.

ಆ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಕನ್ನಡಕ ಏನನ್ನೂ ಆರಿಸುವುದಿಲ್ಲ. ಕೋಲು ಆರಿಸುವುದಿಲ್ಲ. ಇದು ಆರಿಸುತ್ತದೆ. ಯಾವುದು ಮಾತು, ಯಾವುದು ಗದ್ದಲ ಅಂತ ನನಗಿಂತ ಮೊದಲೇ ತೀರ್ಮಾನ ಮಾಡಿ, ಉಳಿದದ್ದನ್ನು ನನಗೆ ಕೊಡುತ್ತದೆ. ಮರೆತುಹೋಗುವಷ್ಟು ಮೈಗೆ ಹತ್ತಿದ್ದರಿಂದಲೇ ಆ ತೀರ್ಮಾನ ನನ್ನ ಗಮನಕ್ಕೆ ಬರಲಿಲ್ಲ. ಕೊಳಲು ನಡುಗದೇ ಇದ್ದಿದ್ದರೆ ತಂಬೂರಿ ಹೋದದ್ದೂ ಗೊತ್ತಾಗುತ್ತಿರಲಿಲ್ಲ. ಇನ್ನೂ ಏನೇನು ಹೋಗಿದೆಯೋ ಅಂತ ಬೀದಿಯಲ್ಲಿ ನಡೆಯುವಾಗ ಈಗಲೂ ಯೋಚಿಸುತ್ತೇನೆ.

ಆಡಿಯಾಲಜಿಸ್ಟ್ ಸಂಗೀತಕ್ಕೆ ಅಂತ ಬೇರೆ ಪ್ರೋಗ್ರಾಂ ಹಾಕಿಕೊಟ್ಟಳು. ಅದರಲ್ಲಿ ಸೀಟಿ ಅಳಿಸುವುದು, ಗದ್ದಲ ತಗ್ಗಿಸುವುದು ಎರಡೂ ಬಂದ್. ಕಿವಿಯ ಹಿಂದಿನ ಗುಂಡಿ ಒತ್ತಿದರೆ ಎರಡು ಸಲ ಬೀಪ್ ಬಂದು ಬದಲಾಗುತ್ತದೆ. ತಂಬೂರಿ ವಾಪಸ್ ಬಂತು. ಇದಕ್ಕೆ ಬೇರೆ ದುಡ್ಡು ತೆಗೆದುಕೊಳ್ಳಲಿಲ್ಲ. ಸಂಗೀತ ಕೇಳುವವರು ಮೊದಲ ದಿನವೇ ಇದನ್ನು ಕೇಳಿ ಹಾಕಿಸಿಕೊಳ್ಳಿ.

ಹೋಟೆಲಿನಲ್ಲೂ ಒಂದು ವಿಷಯ. ಗದ್ದಲ ಇದ್ದಾಗ ಮಷಿನ್ ಎದುರಿನ ದನಿಯನ್ನು ಎತ್ತಿ, ಪಕ್ಕದ್ದನ್ನು ತಗ್ಗಿಸುತ್ತದೆ. ಗಾಂಧಿ ಬಜಾರ್‌ನಲ್ಲಿ ದೋಸೆ ತಿನ್ನಲು ಹೋದರೆ ನಾವು ಯಾವಾಗಲೂ ಅಕ್ಕಪಕ್ಕ ಕೂರುತ್ತಿದ್ದೆವು. ಈಗ ಎದುರುಬದುರು. ಈ ಬದಲಾವಣೆ ನನಗೆ ಇಷ್ಟವಾಗಿದೆ.

ಇಷ್ಟವಾಗದ್ದು ಫೋನಿನ ಆ್ಯಪ್. ಇವತ್ತು 11 ಗಂಟೆ ಹಾಕಿಕೊಂಡಿದ್ದೀರಿ ಅನ್ನುತ್ತದೆ. ಈಗ ಕೇಳಿಸುವುದು ತೃಪ್ತಿಯಾಗಿದೆಯಾ ಅಂತ ನಕ್ಷತ್ರ ಕೇಳುತ್ತದೆ. ಮೊಮ್ಮಗಳು ಶಾಲೆಯ ಸುದ್ದಿ ಹೇಳುತ್ತಿರುವಾಗ ನಾನು ಅವಳ ದನಿ ಸರಿಮಾಡಲು ಫೋನಿಗೆ ಬಗ್ಗಿದ್ದೆ. ಮಗು ಮಾತು ನಿಲ್ಲಿಸಿತು. "ಹೇಳು ಪುಟ್ಟಿ" ಅಂದೆ. "ಏನಿಲ್ಲ ಬಿಡಿ ಅಜ್ಜಿ" ಅಂದಳು. ಅವತ್ತೇ ಆ್ಯಪ್ ತೆಗೆದುಹಾಕಿದೆ. ಗುಂಡಿಯೊಂದೇ ಸಾಕು.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಆ್ಯಪ್‌ಗೆ, ಮತ್ತು ತಂಬೂರಿಯ ವಿಷಯ ಮೊದಲೇ ಹೇಳದಿದ್ದಕ್ಕೆ. ಕೊಳ್ಳಲು ಹೋಗುವಾಗ ನಿಮ್ಮ ಜೊತೆ ದಿನವೂ ಮಾತಾಡುವವರನ್ನು ಕರೆದುಕೊಂಡು ಹೋಗಿ. ಅವರ ದನಿಯಲ್ಲೇ ಸೆಟ್ಟಿಂಗ್ ಮಾಡಿಸಿ.

ರಾತ್ರಿ ಹತ್ತಕ್ಕೆ ಕಳಚಿ, ಬ್ಯಾಟರಿ ಬಾಗಿಲು ತೆಗೆದು ಡಬ್ಬಿಯಲ್ಲಿ ಇಡುತ್ತೇನೆ. ಆಮೇಲೆ ಯಜಮಾನರು ನನಗೆ ಏನಾದರೂ ಹೇಳಬೇಕಾದರೆ, ನಾನು ತುಟಿ ನೋಡಲಿ ಅಂತ ಎದ್ದು ಲೈಟ್ ಹಾಕುತ್ತಾರೆ. ಮೊನ್ನೆ ಹಾಗೆ ಲೈಟ್ ಹಾಕಿದರು. "ಹೊರಗೆ ಮಳೆ ಶುರುವಾಯ್ತು ಕಣೇ" ಅಂದರು.